ಸಾಲದ ಮೊತ್ತ ಕಾಣದ ಸರ್ವರ್: ಪೋಸ್ಟ್‌ಗ್ರೆಸ್‌ನಲ್ಲಿ ಗೂಢ ಲೆಕ್ಕ ಕೂಡಿಸುವುದು ಹೇಗೆ

ಮಂಡ್ಯದ ಪಕ್ಕದ ಒಂದು ಊರಿನ ಮಹಿಳಾ ಸಂಘಗಳ ಒಕ್ಕೂಟಕ್ಕೆ ನಾನು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಒಂದೊಂದು ಸಂಘದಲ್ಲಿ ಹತ್ತರಿಂದ ಇಪ್ಪತ್ತು ಜನ. ವಾರಕ್ಕೊಮ್ಮೆ ಸೇರಿ ಉಳಿತಾಯ ಕಟ್ಟುತ್ತಾರೆ, ಸಾಲ ತಗೊಳ್ಳುತ್ತಾರೆ, ಕಂತು ತೀರಿಸುತ್ತಾರೆ. ಮೊದಲು ಈ ಲೆಕ್ಕವನ್ನೆಲ್ಲ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ವಹಿಸಿದ್ದರು. ಅಲ್ಲಿ ಪರದೆ ನೋಡಿದವರು ಯಾರೋ, ಒಬ್ಬ ಅಕ್ಕ ಮಗಳ ಮದುವೆಗೆ ಎಷ್ಟು ಸಾಲ ಮಾಡಿದ್ದಾರೆ ಅನ್ನೋದನ್ನು ಊರಿನ ಟೀ ಅಂಗಡಿವರೆಗೂ ತಂದುಬಿಟ್ಟರು. ಆ ಅಕ್ಕ ಎರಡು ಸಭೆಗೆ ಬರಲೇ ಇಲ್ಲ. ಮೂರನೇ ಸಲ ಬಂದಾಗ ನನ್ನನ್ನು ಕೇಳಿದರು: “ಅಲ್ಲ ಕಣಣ್ಣ, ಕೂಡೋನ್ಗೆ ಒಟ್ಟು ಬೇಕು. ನಂದು ಎಷ್ಟು ಅಂತ ಅವ್ನಿಗ್ಯಾಕೆ?”

ಈ ಪ್ರಶ್ನೆಗೆ ಸರಿಯಾದ ಉತ್ತರವೇ ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್, ಅಂದರೆ ಕೀಲಿ ಹಾಕಿ ಗೂಢ ಮಾಡಿದ ಅಂಕಿಗಳನ್ನು ಬಿಚ್ಚದೆಯೇ ಅವುಗಳ ಮೇಲೆ ಲೆಕ್ಕ ಮಾಡುವ ವಿದ್ಯೆ. ಬೆಲ್ಲದ ಮಂಡಿಯಲ್ಲಿ ಬಾಯಿ ಹೊಲಿದ ಎರಡು ಮೂಟೆ ಕೊಟ್ಟಿರಿ ಅಂದುಕೊಳ್ಳಿ. ಹೊಲಿಗೆ ಬಿಚ್ಚದೆ, ಒಳಗೆ ಎಷ್ಟಿದೆ ಅಂತ ನೋಡದೆ, ಎರಡನ್ನೂ ಒಂದೇ ಮೂಟೆ ಮಾಡಿ ಕೊಡುವ ಹಮಾಲಿ ಇದ್ದರೆ ಹೇಗಿರುತ್ತದೆ? ಡೇಟಾಬೇಸ್ ಆ ಹಮಾಲಿಯಾಗಬೇಕು. ಹೊಲಿಗೆ ಬಿಚ್ಚುವುದು ಸಂಘದವರು ಮಾತ್ರ.

ಇದನ್ನು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ ಮಾಡುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಸಿ ಭಾಷೆ ಗೊತ್ತಿರದಿದ್ದರೂ ಶುರು ಮಾಡಬಹುದು. ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಬರೆಯಲು ಬಂದರೆ ಸಾಕು.

ಮೊದಲು ಕಾಗದದ ಮೇಲೆ ತೀರ್ಮಾನ ಮಾಡಿ

ಎಲ್ಲ ಕಾಲಂಗಳನ್ನೂ ಗೂಢ ಮಾಡಲು ಹೋಗಬೇಡಿ. ಒಂದು ಹಾಳೆ ತಗೊಂಡು, ಯಾವ ಕಾಲಂ ಮೇಲೆ ಯಾವ ಲೆಕ್ಕ ನಡೆಯುತ್ತದೆ ಅಂತ ಬರೆಯಿರಿ. ನಮ್ಮ ಒಕ್ಕೂಟದಲ್ಲಿ ಸಂಘದ ಹೆಸರು, ಸದಸ್ಯರ ಸಂಖ್ಯೆ, ತಾರೀಖು ಹಾಗೇ ಇದ್ದವು. ಸಾಲದ ಮೊತ್ತ ಮತ್ತು ಕಂತಿನ ಮೊತ್ತ ಮಾತ್ರ ಗೂಢ. ಸರ್ವರ್ ಅವುಗಳ ಮೇಲೆ ಮಾಡಬೇಕಿದ್ದುದು ಕೂಡುವ ಕೆಲಸ ಒಂದೇ.

ಈ ಹಾಳೆ ಯಾಕೆ ಮುಖ್ಯ ಅಂದರೆ, ಬೇಕಾದ ಲೆಕ್ಕ ನೋಡಿಯೇ ಪದ್ಧತಿ ಆರಿಸಬೇಕು. ಗೂಢ ಅಂಕಿಗಳ ಮೇಲೇ ಲೆಕ್ಕ ಮಾಡುವ ಆಲೋಚನೆಯನ್ನು ರಿವೆಸ್ಟ್, ಏಡಲ್‌ಮನ್, ಡೆರ್ಟೂಜೋಸ್ 1978ರಲ್ಲೇ ಮುಂದಿಟ್ಟರು. ಕೂಡುವುದು, ಗುಣಿಸುವುದು ಎರಡನ್ನೂ ಎಷ್ಟು ಸಲ ಬೇಕಾದರೂ ಮಾಡಬಲ್ಲ ಪದ್ಧತಿಯನ್ನು ಕ್ರೇಗ್ ಜೆಂಟ್ರಿ ತೋರಿಸಿದ್ದು 2009ರಲ್ಲಿ. ಅದು ದೊಡ್ಡ ಸಾಧನೆ, ಆದರೆ ಭಾರ ಜಾಸ್ತಿ. ಬರೀ ಕೂಡಬೇಕಾದರೆ ಪಾಸ್ಕಲ್ ಪೈಯೆ 1999ರಲ್ಲಿ ಕೊಟ್ಟ ಪದ್ಧತಿ ಸಾಕು. ಎಂಐಟಿಯ ಸಂಶೋಧಕರು ಮಾಡಿದ ಗೂಢ ಡೇಟಾಬೇಸ್ ಕ್ರಿಪ್ಟ್‌ಡಿಬಿ 2011ರಲ್ಲಿ ಡೇಟಾಬೇಸ್‌ನ ಮೊತ್ತ ತೆಗೆಯಲು ಬಳಸಿದ್ದೂ ಇದನ್ನೇ.

“ಹತ್ತು ಸಾವಿರಕ್ಕಿಂತ ಜಾಸ್ತಿ ಸಾಲ ಇರುವವರು ಯಾರು” ಅಂತ ಸರ್ವರನ್ನೇ ಕೇಳಬೇಕಾದರೆ ಪೈಯೆ ಪದ್ಧತಿ ಆಗುವುದಿಲ್ಲ. ಹೋಲಿಸುವುದು, ದೊಡ್ಡದು ಚಿಕ್ಕದು ಸಾಲಾಗಿ ಜೋಡಿಸುವುದು ಇದರಲ್ಲಿಲ್ಲ. ಸರಾಸರಿ ಸಿಗುತ್ತದೆ: ಮೊತ್ತವನ್ನು ಬಿಚ್ಚಿದ ಮೇಲೆ ಜನರ ಸಂಖ್ಯೆಯಿಂದ ಭಾಗಿಸಿ.

ಕೈಯಲ್ಲೇ ಒಂದು ಲೆಕ್ಕ

ಕೋಡ್ ಮುಟ್ಟುವ ಮುಂಚೆ ಇದನ್ನು ಪೆನ್ನು ಹಿಡಿದು ಮಾಡಿ. ಇಲ್ಲದಿದ್ದರೆ ಮುಂದಿನದೆಲ್ಲ ಮಂತ್ರದ ಹಾಗೆ ಕಾಣುತ್ತದೆ. ಒಕ್ಕೂಟದ ಪುಸ್ತಕ ಬರೆಯುವ ಅಕ್ಕನ ಜೊತೆ ಕೂತು ನಾನು ಇದೇ ಲೆಕ್ಕ ಮಾಡಿದ್ದೆ. ಅವರು ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ಮುಗಿಸಿದರು.

ಎರಡು ಅವಿಭಾಜ್ಯ ಸಂಖ್ಯೆ ತಗೊಳ್ಳಿ: 5 ಮತ್ತು 7. ಗುಣಿಸಿದರೆ 35. ಇದು ಬಹಿರಂಗ ಕೀಲಿ, ಯಾರಿಗೆ ಬೇಕಾದರೂ ಹೇಳಬಹುದು. ಇದರ ವರ್ಗ 1225. ಇನ್ನು ಮುಂದೆ ಯಾವ ಅಂಕಿ ಬಂದರೂ ಅದನ್ನು 1225ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು.

ಗುಟ್ಟಿನ ಕೀಲಿಗೆ 5ರಲ್ಲಿ ಒಂದು ಕಳೆದು 4, 7ರಲ್ಲಿ ಒಂದು ಕಳೆದು 6. ಎರಡರ ಲಸಾಅ 12. ಈಗ 12ನ್ನು ಯಾವುದರಿಂದ ಗುಣಿಸಿ 35ರಿಂದ ಭಾಗಿಸಿದರೆ ಶೇಷ 1 ಬರುತ್ತದೆ? 3ರಿಂದ, ಯಾಕೆಂದರೆ 12 × 3 = 36. ಹಾಗಾಗಿ ಗುಟ್ಟಿನ ಕೀಲಿ 12 ಮತ್ತು 3.

ಮೊದಲನೇ ಅಕ್ಕನ ಸಾಲ 6 ಸಾವಿರ. 6ನ್ನು 35ರಿಂದ ಗುಣಿಸಿ 1 ಸೇರಿಸಿ: 211. ಇಷ್ಟಕ್ಕೇ ನಿಲ್ಲಿಸಬಾರದು. ಮನಸ್ಸಿಗೆ ಬಂದ ಒಂದು ಅಂಕಿ ಹಿಡಿಯಬೇಕು, 2 ಅನ್ನೋಣ. 2ರ ಘಾತ 35, ಅಂದರೆ 35 ಎರಡುಗಳ ಗುಣಲಬ್ಧ, ಶೇಷ 18. ಈಗ 211 × 18 = 3798, ಶೇಷ 123. ಡೇಟಾಬೇಸ್‌ಗೆ ಹೋಗುವುದು ಈ 123.

ಎರಡನೇ ಅಕ್ಕನ ಸಾಲ 9 ಸಾವಿರ. 9 × 35 + 1 = 316. ಈ ಸಲದ ಅಂಕಿ 3. 3ರ ಘಾತ 35, ಶೇಷ 607. 316 × 607 ಮಾಡಿ ಶೇಷ ತೆಗೆದರೆ 712.

ಸರ್ವರ್‌ಗೆ ಗೊತ್ತಿರುವುದು 123, 712 ಮತ್ತು 1225 ಮಾತ್ರ. ಅದು ಮಾಡಬೇಕಾದ್ದು ಒಂದೇ ಗುಣಾಕಾರ: 123 × 712 = 87576, ಶೇಷ 601. ಈ 601 ಅನ್ನು ಸಂಘಕ್ಕೆ ವಾಪಸ್ ಕೊಡುತ್ತದೆ.

ಸಂಘದವರು 601ರ ಘಾತ 12 ತೆಗೆಯುತ್ತಾರೆ, ಶೇಷ 176. ಒಂದು ಕಳೆದರೆ 175. 35ರಿಂದ ಭಾಗಿಸಿದರೆ 5. 3ರಿಂದ ಗುಣಿಸಿದರೆ 15 (ಇದು 35 ದಾಟಿದ್ದರೆ 35ರಿಂದ ಭಾಗಿಸಿ ಶೇಷ ತಗೊಳ್ಳಬೇಕು). ಆರೂ ಒಂಬತ್ತೂ ಹದಿನೈದು! ಒಳಗಿನ ಅಂಕಿಗಳು ಕೂಡಿಕೊಂಡವು, ಹೊರಗೆ ಸರ್ವರ್ ಮಾಡಿದ್ದು ಗುಣಾಕಾರ. ಎಷ್ಟು ಸಲ ನೋಡಿದರೂ ನನಗೆ ಇದು ಚೆಂದ ಅನ್ನಿಸುತ್ತದೆ.

ಡೇಟಾಬೇಸ್‌ಗೆ ಫಂಕ್ಷನ್ ಸೇರಿಸುವುದು

ನಾನು ಪೋಸ್ಟ್‌ಗ್ರೆಸ್ ಆರಿಸಿದ್ದಕ್ಕೆ ಒಂದು ಗಟ್ಟಿ ಕಾರಣ ಇದೆ. ನಿಜವಾದ ಕೀಲಿ 2048 ಬಿಟ್ ಇರುತ್ತದೆ. ಗೂಢ ಅಂಕಿ ಅದರ ಎರಡರಷ್ಟು, 4096 ಬಿಟ್, ಅಂದರೆ 1234 ಅಂಕೆಗಳವರೆಗೆ ಉದ್ದ. ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ ಅನ್ನೋ ಅಂಕಿಯ ಬಗೆ ದಶಮಾಂಶ ಬಿಂದುವಿನ ಎಡಗಡೆ 131072 ಅಂಕೆಗಳವರೆಗೆ ಹಿಡಿಯುತ್ತದೆ, ಒಂದು ಅಂಕೆಯೂ ತಪ್ಪದೆ ಗುಣಿಸುತ್ತದೆ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಡೆಸಿಮಲ್ 65 ಅಂಕೆಗೆ ನಿಲ್ಲುತ್ತದೆ. ಅಲ್ಲಿ ಸಿ ಅಥವಾ ಸಿ++ನಲ್ಲಿ ಫಂಕ್ಷನ್ ಬರೆದು ಹೊರಗಿನಿಂದ ಸೇರಿಸಬೇಕು.

ಮೊದಲು ಆಟಿಕೆ ಕೀಲಿಯಲ್ಲೇ ಮಾಡಿ. ಇಲ್ಲಿ ಕೀವರ್ಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಹಾಕಿ. ಫಂಕ್ಷನ್, ಕಾಲಂಗಳ ಹೆಸರು ಮಾತ್ರ ಕನ್ನಡದಲ್ಲೇ ಇರಲಿ, ಪೋಸ್ಟ್‌ಗ್ರೆಸ್ ಅದನ್ನು ಒಪ್ಪುತ್ತದೆ.

ಕ್ರಿಯೇಟ್ ಫಂಕ್ಷನ್ ಗೂಢ_ಕೂಡು(ಅ ನ್ಯೂಮರಿಕ್, ಬ ನ್ಯೂಮರಿಕ್)
ರಿಟರ್ನ್ಸ್ ನ್ಯೂಮರಿಕ್
ಲ್ಯಾಂಗ್ವೇಜ್ ಎಸ್‌ಕ್ಯೂಎಲ್ ಇಮ್ಯೂಟಬಲ್ ಸ್ಟ್ರಿಕ್ಟ್ ಪ್ಯಾರಲಲ್ ಸೇಫ್
ಆ್ಯಸ್ 'ಸೆಲೆಕ್ಟ್ ಮಾಡ್(ಅ * ಬ, 1225)';

ಸೆಲೆಕ್ಟ್ ಗೂಢ_ಕೂಡು(123, 712) ಅಂತ ಕೇಳಿ. 601 ಬರಬೇಕು. ಬಂದರೆ ಮುಂದಿನದು, ಇಡೀ ಕಾಲಂ ಅನ್ನು ಕೂಡುವ ಫಂಕ್ಷನ್:

ಕ್ರಿಯೇಟ್ ಅಗ್ರಿಗೇಟ್ ಗೂಢ_ಮೊತ್ತ(ನ್ಯೂಮರಿಕ್) (
ಎಸ್‌ಫಂಕ್ = ಗೂಢ_ಕೂಡು,
ಎಸ್‌ಟೈಪ್ = ನ್ಯೂಮರಿಕ್,
ಇನಿಟ್‌ಕಾಂಡ್ = '1',
ಕಂಬೈನ್‌ಫಂಕ್ = ಗೂಢ_ಕೂಡು,
ಪ್ಯಾರಲಲ್ = ಸೇಫ್);

ಇನಿಟ್‌ಕಾಂಡ್ ಅಂದರೆ ಲೆಕ್ಕ ಶುರುವಾಗುವ ಅಂಕಿ. ಅಲ್ಲಿ 0 ಹಾಕಿದರೆ ಎಲ್ಲ ಗುಣಾಕಾರವೂ ಸೊನ್ನೆಯಾಗುತ್ತದೆ. 1 ಹಾಕಬೇಕು. ಈ ಪದ್ಧತಿಯಲ್ಲಿ 1 ಅನ್ನುವುದೇ ಸೊನ್ನೆಯ ಒಂದು ಗೂಢ ರೂಪ. ಒಂದೂ ಸಾಲ ಇಲ್ಲದ ತಿಂಗಳಲ್ಲಿ ಉತ್ತರ 1 ಬರುತ್ತದೆ, ಬಿಚ್ಚಿದರೆ 0. ಸ್ಟ್ರಿಕ್ಟ್ ಅಂತ ಹೇಳಿರುವುದರಿಂದ ಮೊತ್ತ ತುಂಬದ ಸಾಲುಗಳನ್ನು ಪೋಸ್ಟ್‌ಗ್ರೆಸ್ ತಾನೇ ಬಿಟ್ಟು ಮುಂದೆ ಹೋಗುತ್ತದೆ.

ಈಗ ಮಾಮೂಲಿ ಮೊತ್ತದ ಹಾಗೇ ಬಳಸಬಹುದು:

ಸೆಲೆಕ್ಟ್ ಸಂಘ, ಕೌಂಟ್(*), ಗೂಢ_ಮೊತ್ತ(ಸಾಲ_ಗೂಢ)
ಫ್ರಮ್ ಸಾಲಗಳು ಗ್ರೂಪ್ ಬೈ ಸಂಘ;

ಕನ್ನಡ ಹೆಸರಿಡುವವರಿಗೆ ಎರಡು ಮಾತು. ಹೆಸರಿನ ಮಿತಿ 63 ಬೈಟ್. ಯೂನಿಕೋಡ್‌ನಲ್ಲಿ ನಮ್ಮ ಅಕ್ಷರಕ್ಕೂ, ಕೊಂಬು ಒತ್ತಿನ ಚಿಹ್ನೆಗೂ ತಲಾ ಮೂರು ಬೈಟ್, ಹಾಗಾಗಿ ಅಂಥವು 21 ಹಿಡಿಯುತ್ತವೆ ಅಷ್ಟೆ. ಇನ್ನೊಂದು, ಅಕ್ಷರ ಬಿಡಿಸುವ ಕಾಣದ ಚಿಹ್ನೆ ಹೆಸರಿನೊಳಗೆ ಸೇರಿಕೊಂಡರೆ ನೋಡಲು ಒಂದೇ ಥರ ಇರುವ ಎರಡು ಹೆಸರು ಪೋಸ್ಟ್‌ಗ್ರೆಸ್‌ಗೆ ಬೇರೆ ಬೇರೆ. ಅರ್ಕಾವತ್ತು, ಅರ್ಧಾಕ್ಷರ ಕಮ್ಮಿ ಇರುವ ಚಿಕ್ಕ ಹೆಸರು ಇಡಿ.

ಬಿಚ್ಚುವ ಫಂಕ್ಷನ್ ಎಲ್ಲಿ ಅಂತ ಕೇಳುತ್ತೀರಾ? ಅದನ್ನು ಡೇಟಾಬೇಸ್‌ಗೆ ಸೇರಿಸಲೇಬಾರದು. ಅನುಕೂಲ ಅಂತ ತುಂಬ ಜನ ಸೇರಿಸುತ್ತಾರೆ. ಸೇರಿಸಿದ ದಿನ ಗುಟ್ಟಿನ ಕೀಲಿ ಕ್ವೆರಿಯ ಜೊತೆ ಸರ್ವರ್‌ಗೆ ಹೋಗುತ್ತದೆ, ಲಾಗ್ ಫೈಲಿನಲ್ಲೂ ಉಳಿಯಬಹುದು. ಆಮೇಲೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಗೂಢ ಮಾಡುವ ಎಕ್ಸ್‌ಟೆನ್ಷನ್ ಪಿಜಿಕ್ರಿಪ್ಟೊ ಬಳಸುವವರೂ ಇದನ್ನು ನೆನಪಿಡಬೇಕು: ಅದರ ಬಿಚ್ಚುವ ಕೆಲಸ ನಡೆಯುವುದು ಸರ್ವರ್ ಒಳಗೇ.

ನಿಜವಾದ ಕೀಲಿಗೆ ಬನ್ನಿ

ಆಟಿಕೆ ಲೆಕ್ಕ ಸರಿಬಂದ ಮೇಲೆ 1225 ಇದ್ದ ಜಾಗಕ್ಕೆ ನಿಮ್ಮ ಬಹಿರಂಗ ಕೀಲಿಯ ವರ್ಗ ಹಾಕಿ. ಕೀಲಿ ಮಾಡುವುದು, ಗೂಢ ಮಾಡುವುದು, ಬಿಚ್ಚುವುದು ಈ ಮೂರೂ ಸಂಘದ ಲ್ಯಾಪ್‌ಟಾಪ್‌ನಲ್ಲಿ. ಪೈಥಾನ್‌ನಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಸಂಸ್ಥೆ ಡೇಟಾ61 ಕಡೆಯಿಂದ ಬಂದ ಪಿಎಚ್‌ಇ ಲೈಬ್ರರಿ ಇದೆ, ಪೈಯೆ ಪದ್ಧತಿಗೇ ಮಾಡಿದ್ದು. 2048 ಬಿಟ್‌ಗಿಂತ ಕಮ್ಮಿ ಕೀಲಿ ಬೇಡವೇ ಬೇಡ. ತುಂಬ ವರ್ಷ ಇಡುವ ದಾಖಲೆಯಾದರೆ 3072 ಹಾಕಿ. ಗೂಢ ಅಂಕಿ 512 ಬೈಟ್‌ನಿಂದ 768 ಬೈಟ್‌ಗೆ ಹೋಗುತ್ತದೆ, ಹೋಗಲಿ. ನಾಲ್ಕು ಬೈಟ್‌ನ ಸಾಮಾನ್ಯ ಅಂಕಿಗೆ ಹೋಲಿಸಿದರೆ 512 ಬೈಟೇ 128 ಪಟ್ಟು. ಒಂದು ಒಕ್ಕೂಟದ ಲೆಕ್ಕಕ್ಕೆ ಅದು ಹೊರೆಯಲ್ಲ.

ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಗೂಢ ಮಾಡಿ. 2500 ರೂಪಾಯಿ 50 ಪೈಸೆ ಅಂದರೆ 250050. ಪಿಎಚ್‌ಇ ದಶಮಾಂಶಕ್ಕೆ ಒಂದು ಘಾತಾಂಕವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತದೆ, ಡೇಟಾಬೇಸ್‌ಗೆ ಅದು ಗೊತ್ತಿಲ್ಲ. ಘಾತಾಂಕ ಬೇರೆ ಬೇರೆ ಇರುವ ಅಂಕಿಗಳನ್ನು ಕೂಡಿಸಿದರೆ ಉತ್ತರ ಪೂರ್ತಿ ತಪ್ಪು, ಯಾವ ಎಚ್ಚರಿಕೆಯೂ ಬರುವುದಿಲ್ಲ. ಡೇಟಾಬೇಸ್‌ಗೆ ಕಳಿಸುವಾಗ ಅಂಕಿಯನ್ನು ಅಕ್ಷರವಾಗಿ ಕಳಿಸಿ ಅಲ್ಲಿ ನ್ಯೂಮರಿಕ್ ಮಾಡಿಕೊಳ್ಳಿ.

ಗೂಢ ಮಾಡುವುದು ನಿಧಾನ, ಕೂಡುವುದು ಬೇಗ. ಸಾಲುಗಳು ಲಕ್ಷಗಟ್ಟಲೆ ಆದರೆ ಕೂಡುವ ಫಂಕ್ಷನನ್ನೂ ಸಿ ಭಾಷೆಯಲ್ಲಿ, ದೊಡ್ಡ ಅಂಕಿಗಳ ಲೆಕ್ಕಕ್ಕಿರುವ ಜಿಎಂಪಿ ಲೈಬ್ರರಿ ಬಳಸಿ ಬರೆದು ಎಕ್ಸ್‌ಟೆನ್ಷನ್ ಮಾಡಿ. ಅಲ್ಲಿಯವರೆಗೆ ಮೇಲಿನ ನಾಲ್ಕು ಸಾಲು ಸಾಕು. ಒಂದೇ ಟೇಬಲ್‌ನಲ್ಲಿ ಹಲವು ಒಕ್ಕೂಟಗಳ ಕೀಲಿ ಇದ್ದರೆ ವರ್ಗದ ಅಂಕಿಯನ್ನು ಫಂಕ್ಷನ್‌ಗೆ ಮೂರನೇ ಇನ್‌ಪುಟ್ ಆಗಿ ಕೊಡಬೇಕಾಗುತ್ತದೆ. ಆಗ ತುಂಡು ತುಂಡಾಗಿ ಮಾಡಿದ ಮೊತ್ತಗಳನ್ನು ಸೇರಿಸುವ ಕಂಬೈನ್‌ಫಂಕ್ ಬಿಡಬೇಕು, ಅದಕ್ಕೆ ಮೂರನೇ ಇನ್‌ಪುಟ್ ತಲುಪುವುದಿಲ್ಲ.

ಕಂತು ಮತ್ತು ಬಡ್ಡಿ

ಕಂತು ಕಟ್ಟಿದರೆ ಸಾಲ ಕಮ್ಮಿಯಾಗಬೇಕು. ಕಳೆಯುವುದಕ್ಕೆ ಬೇರೆ ಫಂಕ್ಷನ್ ಬೇಡ. ನಮ್ಮ ಆಟಿಕೆಯಲ್ಲಿ 4 ಕಳೆಯಬೇಕಾದರೆ 35ರಲ್ಲಿ 4 ಕಳೆದು 31ನ್ನು ಗೂಢ ಮಾಡಿ ಕೂಡಿ. 15ಕ್ಕೆ 31 ಸೇರಿದರೆ 46, 35 ತೆಗೆದರೆ 11. ಪಿಎಚ್‌ಇಗೆ ಋಣ ಸಂಖ್ಯೆ ಕೊಟ್ಟರೆ ತಾನೇ ಹೀಗೆ ಮಾಡುತ್ತದೆ.

ಬಡ್ಡಿ ನೂರಕ್ಕೆ ಎರಡು ರೂಪಾಯಿ ಅನ್ನಿ. ಭಾಗಾಕಾರ ಇಲ್ಲ, ಹಾಗಾಗಿ ಎರಡರಿಂದ ಗುಣಿಸುವುದಷ್ಟೇ ಸರ್ವರ್ ಕೆಲಸ. ನೂರರಿಂದ ಭಾಗಿಸುವುದು ಬಿಚ್ಚಿದ ಮೇಲೆ. ಎರಡರಿಂದ ಗುಣಿಸಲು ಗೂಢ ಅಂಕಿಯನ್ನು ಅದಕ್ಕೇ ಗೂಢ_ಕೂಡು ಮಾಡಿ. 601ಕ್ಕೆ 601 ಕೂಡಿದರೆ 1051, ಬಿಚ್ಚಿದರೆ 30. ದೊಡ್ಡ ಗುಣಕ ಇದ್ದರೆ ಹೀಗೇ ಎರಡೆರಡು ಪಟ್ಟು ಮಾಡುತ್ತ ಹೋಗಿ. ಮೊದಲು ಇಡೀ ಘಾತ ತೆಗೆದು ಆಮೇಲೆ ಶೇಷ ತೆಗೆಯೋಣ ಅಂತ ಹೊರಟರೆ ಅಂಕಿ ಬೆಳೆದು ಸರ್ವರ್ ಅಲ್ಲೇ ನಿಲ್ಲುತ್ತದೆ.

ಎಲ್ಲಿ ಎಡವುತ್ತೇವೆ

ನಾನು ಎಡವಿದ್ದನ್ನೇ ಮೊದಲು ಹೇಳುತ್ತೇನೆ. ಸಂಘದ ಲ್ಯಾಪ್‌ಟಾಪ್ ಹಳೆಯದು, ಗೂಢ ಮಾಡುವಾಗ ತಡವಾಗುತ್ತಿತ್ತು. ಮನಸ್ಸಿಗೆ ಬಂದ ಅಂಕಿಯ ಘಾತ ತೆಗೆಯುವ ಹೆಜ್ಜೆಯನ್ನು ಬಿಟ್ಟು ನೋಡಿದೆ. ಸರಸರ ಅಂತ ಓಡಿತು, ಮೊತ್ತವೂ ಸರಿ ಬಂತು. ಒಂದು ವಾರ ಹಾಗೇ ಬಿಟ್ಟಿದ್ದೆ. ಆಮೇಲೆ ಒಂದು ರಾತ್ರಿ ಟೇಬಲ್ ನೋಡುವಾಗ ಹೊಳೆಯಿತು. ಆ ಹೆಜ್ಜೆ ಬಿಟ್ಟರೆ 6 ಸಾವಿರದ ಸಾಲ 211 ಆಗಿಯೇ ಉಳಿಯುತ್ತದೆ. ಒಂದು ಕಳೆದು, ಎಲ್ಲರಿಗೂ ಗೊತ್ತಿರುವ 35ರಿಂದ ಭಾಗಿಸಿದರೆ 6 ಹೊರಗೆ! ಯಾವ ಗುಟ್ಟಿನ ಕೀಲಿಯೂ ಬೇಡ. ಅವತ್ತೇ ಹೊಸ ಕೀಲಿ ಮಾಡಿ ಎಲ್ಲ ಸಾಲುಗಳನ್ನೂ ಮತ್ತೆ ಗೂಢ ಮಾಡಿ ಹಾಕಿದೆ, ಕೀಲಿ ಇಟ್ಟುಕೊಂಡಿರುವ ಸಂಘದ ಇಬ್ಬರು ಪ್ರತಿನಿಧಿಗಳಿಗೂ ವಿಷಯ ಹೇಳಿದೆ.

ಆ ಅಂಕಿ ಪ್ರತಿ ಸಲವೂ ಹೊಸದಾಗಿರಬೇಕು. ಎರಡು ಸಾಲಕ್ಕೆ ಒಂದೇ ಅಂಕಿ ಬಳಸಿದರೆ ಅವೆರಡರ ವ್ಯತ್ಯಾಸ ಹೊರಬೀಳುತ್ತದೆ. ಲ್ಯಾಪ್‌ಟಾಪ್ ನಿಧಾನ ಅನ್ನಿಸಿದರೆ ಅದಕ್ಕೆ ಸರಿಯಾದ ದಾರಿ ಇದೆ: ಕೆಲಸ ಇಲ್ಲದ ಹೊತ್ತಿನಲ್ಲಿ ನೂರಾರು ಘಾತಗಳನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ, ಒಂದೊಂದನ್ನು ಒಂದೇ ಸಲ ಬಳಸಿ ಅಳಿಸಿ. ನಾವು ಈಗ ಹಾಗೇ ಮಾಡುತ್ತಿದ್ದೇವೆ.

ಅಂಕಿ ಪ್ರತಿ ಸಲ ಹೊಸದಾದ್ದರಿಂದ ಒಂದೇ ಮೊತ್ತ ಎರಡು ಸಲ ಬೇರೆ ಬೇರೆಯಾಗಿ ಕಾಣುತ್ತದೆ. ಆ ಕಾಲಂಗೆ ಇಂಡೆಕ್ಸ್ ಹಾಕಬೇಡಿ, ಪ್ರಯೋಜನ ಇಲ್ಲ.

ಇನ್ನೊಂದು ಅಪಾಯ ಜನ ಮರೆಯುವಂಥದ್ದು. ಬಹಿರಂಗ ಕೀಲಿ ಇರುವ ಯಾರು ಬೇಕಾದರೂ, ಸಾಲ ಎಷ್ಟು ಅಂತ ತಿಳಿಯದೆಯೇ ಅದಕ್ಕೆ ಐದು ಸಾವಿರ ಸೇರಿಸಬಹುದು. ಗೂಢವಾಗಿದೆ ಅಂದಮಾತ್ರಕ್ಕೆ ತಿದ್ದಲಾಗದು ಅಂತಲ್ಲ. ಅದಕ್ಕೇ ಪ್ರತಿ ಸಾಲಿಗೂ ಸಂಘದ ಡಿಜಿಟಲ್ ಸಹಿಯನ್ನು ಇನ್ನೊಂದು ಕಾಲಂನಲ್ಲಿ ಇಡಿ, ತಿಂಗಳಿಗೊಮ್ಮೆ ತಾಳೆ ನೋಡಿ. ಪುಸ್ತಕ ಬರೆಯುವ ಅಕ್ಕನ ಕೈಬರಹದ ಲೆಡ್ಜರ್ ಅನ್ನೂ ನಿಲ್ಲಿಸಬೇಡಿ.

ಮೊತ್ತವೂ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಸಂಘದಲ್ಲಿ ಆ ತಿಂಗಳು ಸಾಲ ತಗೊಂಡವರು ಒಬ್ಬರೇ ಆದರೆ, ಸಂಘದ ಮೊತ್ತವೇ ಅವರ ಸಾಲ. ನಾವು ಐದು ಜನಕ್ಕಿಂತ ಕಮ್ಮಿ ಇರುವ ಮೊತ್ತವನ್ನು ಒಕ್ಕೂಟದ ವರದಿಯಲ್ಲಿ ತೋರಿಸುವುದಿಲ್ಲ. ಕ್ವೆರಿಗೆ ಹ್ಯಾವಿಂಗ್ ಕೌಂಟ್(*) >= 5 ಸೇರಿಸಿದ್ದೇವೆ. ನಿನ್ನೆಯ ಮೊತ್ತದಿಂದ ಇವತ್ತಿನದನ್ನು ಕಳೆದರೂ ಒಬ್ಬರ ಸಾಲ ಸಿಗಬಹುದು, ಅದಕ್ಕೇ ವರದಿ ತಿಂಗಳಿಗೆ ಒಂದೇ ಸಲ. ಸರ್ವರ್ ಕುತೂಹಲದಿಂದ ನೋಡಬಹುದು ಆದರೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ ಅನ್ನುವ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ಸುಳ್ಳು ಹೇಳುವ ಸರ್ವರ್ ಒಬ್ಬರ ಸಾಲವನ್ನೇ ಮೊತ್ತ ಅಂತ ಕಳಿಸಿ ಬಿಚ್ಚಿಸಿಕೊಳ್ಳಬಹುದು, ಅದನ್ನು ಈ ಪದ್ಧತಿ ತಡೆಯುವುದಿಲ್ಲ.

ಕೀಲಿ ಯಾರ ಹತ್ತಿರ

ಬ್ಯಾಂಕಿನಿಂದ ದುಡ್ಡು ತೆಗೆಯಲು ಸಂಘದ ಇಬ್ಬರು ಪ್ರತಿನಿಧಿಗಳ ಸಹಿ ಬೇಕು, ಅಲ್ವಾ? ಕೀಲಿಯನ್ನೂ ಹಾಗೇ ಇಟ್ಟಿದ್ದೇವೆ. ಗುಟ್ಟಿನ ಕೀಲಿಯಷ್ಟೇ ಉದ್ದದ, ಯಾದೃಚ್ಛಿಕ ಬಿಟ್‌ಗಳ ಒಂದು ಫೈಲ್ ಮಾಡಿ. ಕೀಲಿಯ ಜೊತೆ ಅದನ್ನು ಎಕ್ಸ್-ಆರ್ ಮಾಡಿದರೆ (ಬಿಟ್‌ಗೆ ಬಿಟ್ ಹೋಲಿಸಿ, ಒಂದೇ ಇದ್ದರೆ 0, ಬೇರೆ ಇದ್ದರೆ 1) ಎರಡನೇ ಫೈಲ್ ಬರುತ್ತದೆ. ಒಂದೊಂದನ್ನು ಒಬ್ಬೊಬ್ಬರ ಪೆನ್‌ಡ್ರೈವ್‌ಗೆ ಹಾಕಿ. ಬರೀ ಒಂದನ್ನು ನೋಡಿದರೆ ಏನೂ ತಿಳಿಯುವುದಿಲ್ಲ, ಎರಡೂ ಚುಚ್ಚಿದಾಗ ಮಾತ್ರ ಕೀಲಿ ಆಗುತ್ತದೆ. ಒಂದು ಕಳೆದರೆ ಇಡೀ ಲೆಕ್ಕ ಹೋಯಿತು, ಹಾಗಾಗಿ ಎರಡಕ್ಕೂ ಒಂದೊಂದು ನಕಲನ್ನು ಬೇರೆ ಬೇರೆ ಮನೆಯಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ನಕಲಿನಿಂದಲೇ ಒಂದು ಮೊತ್ತ ಬಿಚ್ಚಿ ನೋಡಿ. ಚುಚ್ಚಿ ನೋಡದ ನಕಲನ್ನು ನಂಬಬೇಡಿ.

ಕೊನೆಗೆ, ಹಳೆಯ ಕಾಲಂ

ಹೊಸ ಮೊತ್ತವೂ ಲೆಡ್ಜರ್ ಮೊತ್ತವೂ ಎರಡು ತಿಂಗಳು ತಾಳೆಯಾದ ಮೇಲೆ ಹಳೆಯ ಬರೀ ಅಂಕಿಯ ಕಾಲಂ ತೆಗೆಯಿರಿ. ಇಲ್ಲಿ ಅವಸರ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಡ್ರಾಪ್ ಕಾಲಂ ಅಂದರೆ ಕಾಲಂ ಕಣ್ಣಿಗೆ ಕಾಣದು ಅಷ್ಟೆ, ಅಂಕಿಗಳು ಡಿಸ್ಕ್ ಮೇಲೆ ಹಾಗೇ ಉಳಿದಿರುತ್ತವೆ. ಹೊಸ ಸರ್ವರ್‌ನಲ್ಲಿ ಹೊಸ ಟೇಬಲ್ ಮಾಡಿ, ಗೂಢ ಕಾಲಂಗಳನ್ನು ಮಾತ್ರ ನಕಲಿಸಿ, ಹಳೆಯ ಡಿಸ್ಕ್ ಪೂರ್ತಿ ಅಳಿಸುವುದು ಒಳ್ಳೆಯದು. ಆಮೇಲೆ ಹಳೆಯ ಬ್ಯಾಕಪ್‌ಗಳನ್ನು ಹುಡುಕಿ. ನಮಗೆ ಒಂದು ಇಮೇಲ್‌ನಲ್ಲಿ ಸಿಕ್ಕಿತು, ಇನ್ನೊಂದು ಕಂಪ್ಯೂಟರ್ ಅಂಗಡಿಯವರು ವಾಪಸ್ ಕೊಟ್ಟ ಸಿಡಿಯಲ್ಲಿತ್ತು. ಎಲ್ಲಕ್ಕಿಂತ ಕೊನೆಗೆ ಸಿಕ್ಕಿದ್ದು ಒಕ್ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ, ಯಾವತ್ತೋ ಹಾಕಿದ್ದ ಎಕ್ಸೆಲ್ ಹಾಳೆ. ಅದನ್ನು ಅಳಿಸಲು ಒಬ್ಬೊಬ್ಬರ ಫೋನನ್ನೂ ಕೈಗೆ ತಗೊಂಡು ನೋಡಬೇಕಾಯಿತು. ನಿಮ್ಮ ಕಡೆಯೂ ಅಂಥದ್ದೊಂದು ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.